ಅಂಗದ ಅಂಶವೋ, ಕೋಶಗಳ ನಂಟೋ?: ‘ಅಂಗಾಂಶ’ದ ಪರಿಭಾಷೆಯನ್ನು ಕುರಿತು ಕೆಲವು ವಿಚಾರಗಳು

1. ಒಂದು ವಾಕ್ಯ, ಒಂದು ಪ್ರಶ್ನೆ

ಕೆಲವು ವರ್ಷಗಳ ಹಿಂದೆ, ಚರ್ಮರೋಗಿಗಳಿಗೆ ಹಂಚುವ ಮಾಹಿತಿಪತ್ರವೊಂದರ ಕನ್ನಡ ಅನುವಾದವನ್ನು ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬಯಾಪ್ಸಿ ಎಂಬ ಪರೀಕ್ಷೆಯನ್ನು ವಿವರಿಸುವ ಕಡೆ ಅನುವಾದಕರು ‘ರೋಗಿಯ ಅಂಗಾಂಶವನ್ನು ತೆಗೆದು ಪರೀಕ್ಷಿಸಲಾಗುವುದು’ ಎಂದು ಬರೆದಿದ್ದರು. ನಮ್ಮ ಶಾಲಾ ಪಠ್ಯಗಳ ಪರಿಭಾಷೆಯನ್ನು ಒಪ್ಪಿಕೊಂಡವರಿಗೆ ಈ ವಾಕ್ಯದಲ್ಲಿ ದೋಷ ಕಾಣುವುದಿಲ್ಲ. ನನಗೂ ಕಾಣಲಿಲ್ಲ, ಅದನ್ನು ಹಾಗೆಯೇ ಬಿಟ್ಟೆ. ಅದು ಅಚ್ಚಾದ ಮೇಲೆ ಪರಿಚಯದ ಹಿರಿಯ ಮಹಿಳೆಯೊಬ್ಬರು ಆ ಹಾಳೆಯನ್ನು ಹಿಡಿದುಕೊಂಡು ಬಂದು ನನ್ನನ್ನು ಕೇಳಿದ್ದು ಇಷ್ಟು: ‘ಯಾವ ಅಂಗದ ಅಂಶ ತೆಗೆಯುತ್ತಾರೆ? ತೆಗೆದ ಮೇಲೆ ಆ ಅಂಗ ಕೆಲಸ ಮಾಡುತ್ತದೆಯೇ?’ ಅವರ ಮೈಯಿಂದ ತೆಗೆಯಬೇಕಾಗಿದ್ದುದು ಮೂರು ನಾಲ್ಕು ಮಿಲಿಮೀಟರ್ ಅಗಲದ ಚರ್ಮದ ಒಂದು ತುಣುಕು ಮಾತ್ರ. ಅದಕ್ಕೆ ಒಪ್ಪಿಕೊಳ್ಳಲು ಅವರಿಗೆ ಮತ್ತೆ ಮೂರು ವಾರ ಹಿಡಿಯಿತು.

ಅವರು ಪದವನ್ನು ತಪ್ಪಾಗಿ ಓದಿರಲಿಲ್ಲವೆಂಬುದನ್ನು ಕನ್ನಡ ವಿಭಾಗದವರಾದ ನಾವು ಗಮನಿಸಬೇಕು. ಅಂಗ, ಅಂಶ ಎಂಬ ಎರಡು ಪದಗಳು ಸವರ್ಣದೀರ್ಘ ಸಂಧಿಯಾಗಿ ಸೇರಿ ‘ಅಂಗಾಂಶ’ವಾಗುತ್ತದೆ; ವಿಗ್ರಹಿಸಿದರೆ ‘ಅಂಗದ ಅಂಶ’ ಎಂದೇ ಆಗುತ್ತದೆ. ವ್ಯಾಕರಣ ಹೇಳಿಕೊಟ್ಟ ದಾರಿಯಲ್ಲಿಯೇ ಅವರು ಅರ್ಥಕ್ಕೆ ಹೋಗಿದ್ದರು. ದಾರಿ ಅವರನ್ನು ಬೇರೆಡೆಗೆ ಕೊಂಡೊಯ್ದಿತು. ಹಾಗಾದರೆ ತಪ್ಪು ಎಲ್ಲಿದೆ? ಪದದಲ್ಲಿದೆಯೇ, ಪದವನ್ನು ಒಂಟಿಯಾಗಿ ಬಿಟ್ಟ ನಮ್ಮಲ್ಲಿದೆಯೇ? ಈ ಪ್ರಶ್ನೆಯನ್ನು ಹಿಡಿದು ಮಾನವ ದೇಹದ ಮೂಲ ಅಂಗಾಂಶಗಳನ್ನೂ ಜೀವಕೋಶಗಳು ಒಂದಕ್ಕೊಂದು ಕೂಡಿಕೊಳ್ಳುವ ಬಗೆಗಳನ್ನೂ ನೋಡುವುದು, ಅವುಗಳಿಗೆ ಕನ್ನಡದಲ್ಲಿ ಎಂತಹ ಪರಿಭಾಷೆ ಬೇಕೆಂಬ ಬಗ್ಗೆ ನನ್ನ ಅಭಿಪ್ರಾಯವನ್ನು ಮಂಡಿಸುವುದು ಪ್ರಸ್ತುತ ಬರಹದ ಉದ್ದೇಶ.

2. ನೇಯ್ಗೆಯಿಂದ ಹುಟ್ಟಿದ ಪರಿಕಲ್ಪನೆ

ಇಂಗ್ಲಿಷಿನ ‘ಟಿಶ್ಯೂ’ ಎಂಬ ಪದ ಹಳೆಯ ಫ್ರೆಂಚಿನಿಂದ ಬಂದದ್ದು; ಅದರ ಮೂಲಾರ್ಥ ನೇಯ್ದ ಬಟ್ಟೆ. ಈ ಪದವನ್ನು ದೇಹರಚನೆಯ ಶಾಸ್ತ್ರದಲ್ಲಿ ನೆಲೆಗೊಳಿಸಿದವನು ಫ್ರಾನ್ಸಿನ ಮರಿ ಫ್ರಾಂಸ್ವಾ ಗ್ಸಾವಿಯೆ ಬಿಶಾ. 1771ರಲ್ಲಿ ಹುಟ್ಟಿ 1802ರಲ್ಲಿ, ಮೂವತ್ತರ ವಯಸ್ಸಿನಲ್ಲಿಯೇ ತೀರಿಕೊಂಡ ಈತ 1800 ಮತ್ತು 1801ರಲ್ಲಿ ಪ್ರಕಟಿಸಿದ ಗ್ರಂಥಗಳಲ್ಲಿ, ದೇಹದ ಅಂಗಗಳು ಬೇರೆಬೇರೆಯಾಗಿ ಕಂಡರೂ ಅವೆಲ್ಲವೂ 21 ಬಗೆಯ ‘ನೇಯ್ಗೆ’ಗಳಿಂದ ಆದವು ಎಂದು ವಾದಿಸಿದ. ಸೂಕ್ಷ್ಮದರ್ಶಕವನ್ನು ನೆಚ್ಚದೆ, ಶವಗಳನ್ನು ಕೊಯ್ದು, ಬೇಯಿಸಿ, ಒಣಗಿಸಿ, ಆಮ್ಲದಲ್ಲಿ ಅದ್ದಿ, ಯಾವ ಭಾಗ ಹೇಗೆ ಬದಲಾಗುತ್ತದೆ ಎಂಬುದನ್ನು ನೋಡಿ ಆತ ಈ ನಿರ್ಣಯಕ್ಕೆ ಬಂದಿದ್ದ. ಜಠರದ ಒಳಪೊರೆಗೆ ಬಂದ ಬೇನೆ ಬೇರೊಂದು ಅಂಗದ ಅದೇ ಬಗೆಯ ಪೊರೆಗೂ ಬರಬಹುದು. ಆದ್ದರಿಂದ ರೋಗದ ನೆಲೆ ಅಂಗವಲ್ಲ, ಅಂಗವನ್ನು ನೇಯ್ದಿರುವ ವಸ್ತು ಎಂಬುದು ಆತನ ಮುಖ್ಯ ಒಳನೋಟ. ಅಂದರೆ ಈ ಪರಿಕಲ್ಪನೆ ಹುಟ್ಟಿದ್ದೇ ಅಂಗದಿಂದ ಗಮನವನ್ನು ಆಚೆಗೆ ಸರಿಸುವುದಕ್ಕಾಗಿ. ಕನ್ನಡದ ‘ಅಂಗಾಂಶ’ ಆ ಗಮನವನ್ನು ಮರಳಿ ಅಂಗಕ್ಕೇ ತಂದು ಕಟ್ಟುತ್ತದೆ ಎಂಬುದು ಇಲ್ಲಿನ ವಿಪರ್ಯಾಸ.

ನೆರೆಯ ಭಾಷೆಗಳು ಬೇರೆ ದಾರಿಗಳನ್ನು ಹಿಡಿದಿವೆ. ಹಿಂದಿಯ ‘ಊತಕ’, ಮರಾಠಿಯ ‘ಊತೀ’ ಎರಡೂ ನೇಯುವುದೆಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದಿವೆ. ನಾವು ‘ಓತಪ್ರೋತ’ ಎನ್ನುವಾಗಿನ ‘ಓತ’ಕ್ಕೂ ಅದೇ ಮೂಲ. ತಮಿಳಿನಲ್ಲಿ ಆಂಗ್ಲಪದದ ರೂಪಾಂತರವಾದ ‘ತಿಸು’ವಿನ ಜೊತೆಗೆ ‘ಇಳೈಯಂ’ ಎಂಬ ಪದವಿದೆ. ಅದರ ಮೂಲವಾದ ‘ಇಳೈ’ ನಮ್ಮ ‘ಎಳೆ’ಯ ಸೋದರ. ತೆಲುಗು ‘ಕಣಜಾಲ’ ಎನ್ನುತ್ತದೆ, ಎಂದರೆ ಕೋಶಗಳ ಬಲೆ. ಇವುಗಳಲ್ಲಿ ಒಂದೊಂದೂ ಕೂಡಿಕೆಯನ್ನು ಸೂಚಿಸುತ್ತದೆ. ನಮ್ಮದು ಮಾತ್ರ ವಿಭಜನೆಯನ್ನು ಸೂಚಿಸುತ್ತದೆ. ಹಾಸುಹೊಕ್ಕು ಎಂಬ ನುಡಿಗಟ್ಟನ್ನು ದಿನಬಳಕೆಯಲ್ಲಿ ಉಳಿಸಿಕೊಂಡಿರುವ, ನೇಯ್ಗೆಯ ಕಾಯಕದ ಜೇಡರ ದಾಸಿಮಯ್ಯನನ್ನು ಹಿರಿಯ ವಚನಕಾರನೆಂದು ಗೌರವಿಸುವ ಭಾಷೆಯಲ್ಲಿ ಹೀಗಾಗಿರುವುದು ಆಶ್ಚರ್ಯವೇ ಸರಿ.

ಆದರೂ ‘ಅಂಗಾಂಶ’ವನ್ನು ಕಿತ್ತು ಹೊಸ ಪದವನ್ನು ನೆಡಬೇಕೆಂದು ನಾನು ಹೇಳಲಾರೆ. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ತಲೆಮಾರುಗಳ ವಿದ್ಯಾರ್ಥಿಗಳು ಅದನ್ನು ಕಲಿತಿದ್ದಾರೆ. ರೂಢಿಗೆ ಬಂದ ಪದವನ್ನು ಕೀಳುವುದರಿಂದ ಆಗುವ ಗೊಂದಲ ಅದರ ದೋಷಕ್ಕಿಂತ ದೊಡ್ಡದು. ಎರಡನೆಯದು, ನೇಯ್ಗೆಯ ರೂಪಕವೂ ಎಲ್ಲ ಬಗೆಯ ಅಂಗಾಂಶಗಳಿಗೆ ಹೊಂದುವುದಿಲ್ಲ. ಇದು ಸ್ಪಷ್ಟವಾಗಬೇಕಾದರೆ ಆ ನಾಲ್ಕು ಬಗೆಗಳನ್ನು ಅವುಗಳ ಕೂಡಿಕೆಯ ದೃಷ್ಟಿಯಿಂದ ನೋಡಬೇಕು.

3. ನಾಲ್ಕು ಬಗೆ, ನಾಲ್ಕು ನಂಟು

ರಾಬರ್ಟ್ ಹುಕ್ 1665ರಲ್ಲಿ ಬಿರಟೆಯ ತೆಳುಪದರದಲ್ಲಿ ಕೋಣೆಗಳಂತಹ ರಚನೆಯನ್ನು ಕಂಡು ಹೆಸರಿಟ್ಟ. 1838–39ರಲ್ಲಿ ಶ್ಲೈಡೆನ್ ಮತ್ತು ಶ್ವಾನ್ ಎಂಬ ಜರ್ಮನ್ ವಿದ್ವಾಂಸರು, ಸಸ್ಯ ಮತ್ತು ಪ್ರಾಣಿಗಳೆರಡೂ ಕೋಶಗಳಿಂದಲೇ ಆದವು ಎಂಬ ಸಿದ್ಧಾಂತವನ್ನು ಕಟ್ಟಿದರು. ಸೂಕ್ಷ್ಮದರ್ಶಕ ಸುಧಾರಿಸಿದಂತೆ ಬಿಶಾನ 21 ಬಗೆಗಳು ಕರಗುತ್ತ ಬಂದು ಇಂದು ನಾವು ಕಲಿಸುವ ನಾಲ್ಕಕ್ಕೆ ನಿಂತವು: ಅನುಲೇಪಕ, ಸಂಯೋಜಕ, ಸ್ನಾಯು ಮತ್ತು ನರ ಅಂಗಾಂಶ. ವಯಸ್ಕ ದೇಹದಲ್ಲಿ ಸುಮಾರು ಮೂವತ್ತು ಲಕ್ಷ ಕೋಟಿ ಜೀವಕೋಶಗಳಿವೆಯೆಂದು 2016ರಲ್ಲಿ ಪ್ರಕಟವಾದ ಒಂದು ಲೆಕ್ಕ ಹೇಳುತ್ತದೆ. ಇಷ್ಟು ಕೋಶಗಳು ರಾಶಿಯಾಗದೆ ದೇಹವಾಗುವುದು ಅವುಗಳ ನಡುವಿನ ಸಂಬಂಧದಿಂದ. ನಾಲ್ಕು ಅಂಗಾಂಶಗಳನ್ನು ಸಂಬಂಧದ ನಾಲ್ಕು ಬಗೆಗಳೆಂದು ವಿವರಿಸಿದರೆ ವಿದ್ಯಾರ್ಥಿಗೆ ಅವುಗಳ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಚರ್ಮದ ಹೊರಪದರ, ಬಾಯಿ ಮತ್ತು ಕರುಳಿನ ಒಳಮೈ, ಗ್ರಂಥಿಗಳ ಒಳಗೋಡೆ ಇವು ಅನುಲೇಪಕ ಅಂಗಾಂಶದಿಂದ ಆದವು. ಇಲ್ಲಿ ಕೋಶಗಳು ಇಟ್ಟಿಗೆಗಳ ಹಾಗೆ ಒತ್ತೊತ್ತಾಗಿ ನಿಂತಿವೆ. ನಡುವೆ ಬೇರೆ ವಸ್ತು ಬಹು ಕಡಿಮೆ, ರಕ್ತನಾಳಗಳಿಲ್ಲ. ಕೆಳಗೆ ಒಂದು ತೆಳುವಾದ ತಳಪೊರೆ ಇದೆ. ‘ಅನುಲೇಪ’ ಎಂದರೆ ಗಂಧದಂತಹ ಲೇಪವನ್ನು ಬಳಿಯುವುದು. ಬಳಿದದ್ದಕ್ಕೆ ಒಳಗಿನ ಕಟ್ಟು ಇರುವುದಿಲ್ಲ, ತೊಳೆದರೆ ಹೋಗುತ್ತದೆ. ಈ ಅಂಗಾಂಶದ ಸ್ವಭಾವ ಇದಕ್ಕೆ ತದ್ವಿರುದ್ಧ. ಕರುಳಿನ ಒಳಮೈಯ ಕೋಶಗಳು ನಾಲ್ಕೈದು ದಿನಗಳಿಗೊಮ್ಮೆ ಬದಲಾಗುತ್ತಲೇ ಇದ್ದರೂ ಗೋಡೆ ಒಂದು ಗಳಿಗೆಯೂ ಸೋರುವುದಿಲ್ಲ. ಹಳೆಯ ಕೋಶವೊಂದು ಉದುರುವಾಗ ಅಕ್ಕಪಕ್ಕದವು ಅದರ ಅಡಿಯಲ್ಲಿ ಕೈಕೈ ಹಿಡಿದು ತೆರಪನ್ನು ಮುಚ್ಚಿರುತ್ತವೆ. ಇದರ ಗುಣ ಇರುವುದು ಲೇಪದಲ್ಲಿ ಅಲ್ಲ, ನೆರೆಹೊರೆಯಲ್ಲಿ.

ಸಂಯೋಜಕ ಅಂಗಾಂಶದಲ್ಲಿ ಇದು ತಲೆಕೆಳಗಾಗುತ್ತದೆ. ಇಲ್ಲಿ ಕೋಶಗಳು ವಿರಳ. ಅವು ಒಂದನ್ನೊಂದು ಮುಟ್ಟುವುದೂ ಕಡಿಮೆ. ಅವು ತಮ್ಮ ಸುತ್ತ ತಾವೇ ಸ್ರವಿಸಿಕೊಂಡ ಎಳೆಗಳ ಮತ್ತು ಲೋಳೆಯ ನಡುವೆ ಹುದುಗಿವೆ. ಮೂಳೆ, ಮೃದ್ವಸ್ಥಿ, ಸ್ನಾಯುರಜ್ಜು, ಕೊಬ್ಬು ಎಲ್ಲವೂ ಈ ಗುಂಪಿನವು. ದ್ರವವನ್ನೇ ಮಾತೃಕೆಯನ್ನಾಗಿ ಉಳ್ಳ ರಕ್ತವನ್ನೂ ಇಲ್ಲಿಯೇ ಸೇರಿಸುತ್ತಾರೆ. ನೇಯ್ಗೆಯ ರೂಪಕ ನಿಜವಾಗಿ ಸಲ್ಲುವುದು ಈ ಅಂಗಾಂಶಕ್ಕೆ. ಅದರ ಮುಖ್ಯ ಎಳೆಯಾದ ಕೊಲಾಜೆನ್ ದೇಹದ ಒಟ್ಟು ಪ್ರೋಟೀನಿನಲ್ಲಿ ಕಾಲುಭಾಗಕ್ಕೆ ಕಡಿಮೆಯಿಲ್ಲ. ಅದರ ರಚನೆಯನ್ನು ಬಿಡಿಸಿದವರು ಮದರಾಸು ವಿಶ್ವವಿದ್ಯಾನಿಲಯದಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. 1954–55ರಲ್ಲಿ ಅವರು ತೋರಿಸಿದಂತೆ, ಎಡಕ್ಕೆ ಸುತ್ತಿದ ಮೂರು ಸರಪಣಿಗಳು ಒಟ್ಟಾಗಿ ಬಲಕ್ಕೆ ಹೊಸೆದುಕೊಂಡಾಗ ಕೊಲಾಜೆನ್ ಆಗುತ್ತದೆ. ಹೆಣೆದ ಈ ಮೂರೆಳೆಯ ಒಳಭಾಗದಲ್ಲಿ ಸ್ಥಳ ಎಷ್ಟು ಕಿರಿದೆಂದರೆ ಪ್ರತಿ ಮೂರನೆಯ ಸ್ಥಾನದಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಗ್ಲೈಸೀನ್ ಎಂಬ ಅಮೈನೋ ಆಮ್ಲವೇ ಇರಬೇಕು. ಸಿ.ವಿ. ರಾಮನ್ ಅವರ ಬಳಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತಿದ್ದ ರಾಮಚಂದ್ರನ್ 1971ರಲ್ಲಿ ಅದೇ ಸಂಸ್ಥೆಗೆ ಮರಳಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಹೊಸೆಯುವುದು, ಹೆಣೆಯುವುದು, ಮೂರೆಳೆ, ಹುರಿ: ಈ ಆವಿಷ್ಕಾರವನ್ನು ಹೇಳಲು ಬೇಕಾದ ಮಾತುಗಳೆಲ್ಲ ಹಗ್ಗ ಹೊಸೆಯುವ ರೈತನ ಬಾಯಲ್ಲಿವೆ. ಸಿ ಜೀವಸತ್ತ್ವ ಸಿಗದಿದ್ದಾಗ ಈ ಹುರಿ ಗಟ್ಟಿಯಾಗುವುದಿಲ್ಲ. ಹಿಂದಿನ ಕಾಲದ ನಾವಿಕರು ಸ್ಕರ್ವಿ ರೋಗದಲ್ಲಿ ವಸಡು ಕರಗಿ, ಹಳೆಯ ಗಾಯಗಳು ಬಾಯ್ತೆರೆದು ಸಾಯುತ್ತಿದ್ದುದು ಇದರಿಂದಲೇ.

ಸ್ನಾಯು ಮತ್ತು ನರ ಅಂಗಾಂಶಗಳು ನಮ್ಮ ವಿಷಯಕ್ಕೆ ಇನ್ನೂ ಒಂದು ಆಯಾಮವನ್ನು ಸೇರಿಸುತ್ತವೆ. ಅದನ್ನು ವ್ಯಾಕರಣದ ನೆರವಿನಿಂದ ಹೇಳುವುದು ಅನುಕೂಲ.

4. ಸಂಧಿಯೋ, ಸಮಾಸವೋ?

ಕೋಶಗಳ ನಡುವಿನ ಜೋಡಣೆಯನ್ನು ‘ಕೋಶಸಂಧಿ’ ಎಂದು ಕರೆಯುವ ಪ್ರವೃತ್ತಿ ಸಹಜವಾದದ್ದು. ಆದರೆ ದೇಹದ ವಿಷಯದಲ್ಲಿ ‘ಸಂಧಿ’ ಈಗಾಗಲೇ ಮೂಳೆಗಳ ಕೀಲಿಗೆ ಮೀಸಲಾಗಿದೆ; ಸಂಧಿವಾತ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಖ್ಯವಾಗಿ, ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ಹಿಡಿದು ಇಂದಿನ ಪಠ್ಯಗಳವರೆಗೆ ನಾವು ಕಲಿಸುವ ಸಂಧಿಯಲ್ಲಿ ಎರಡು ಅಕ್ಷರಗಳು ಸೇರುವೆಡೆ ಗಡಿ ಬದಲಾಗುತ್ತದೆ. ಲೋಪವಾಗಲಿ ಆದೇಶವಾಗಲಿ ಆದಾಗ ಹಿಂದಿನ ಗಡಿ ಉಳಿಯುವುದಿಲ್ಲ. ಸಮಾಸದಲ್ಲಿಯಾದರೋ ವಿಭಕ್ತಿ ಬಿದ್ದುಹೋದರೂ ಪದಗಳು ಸಾಮಾನ್ಯವಾಗಿ ತಮ್ಮ ಗುರುತನ್ನು ಉಳಿಸಿಕೊಂಡೇ ಒಂದು ಅರ್ಥಕ್ಕೆ ಒಳಪಡುತ್ತವೆ. ಈ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಆದರೆ ಇದು ದೇಹಶಾಸ್ತ್ರದ ಎರಡು ದೊಡ್ಡ ಪ್ರಶ್ನೆಗಳನ್ನು ನಮಗೆ ಹತ್ತಿರ ತರುತ್ತದೆ.

ಕೈಕಾಲುಗಳನ್ನು ಆಡಿಸುವ ಸ್ನಾಯುವಿನ ಒಂದೊಂದು ತಂತುವೂ ಭ್ರೂಣಾವಸ್ಥೆಯಲ್ಲಿ ಅನೇಕ ಕೋಶಗಳು ಒಂದರೊಳಗೊಂದು ಬೆರೆತು ಆದದ್ದು. ನಡುವಿನ ಗೋಡೆಗಳು ಅಳಿದು, ಒಂದೇ ತಂತುವಿನಲ್ಲಿ ನೂರಾರು ಕೋಶಕೇಂದ್ರಗಳು ಉಳಿದುಕೊಳ್ಳುತ್ತವೆ. ಇದು ನಿಜವಾದ ಅರ್ಥದಲ್ಲಿ ಸಂಧಿ. ಹೃದಯದ ಸ್ನಾಯುವೂ ಹೀಗೆಯೇ ಗಡಿಯಿಲ್ಲದ ಒಂದೇ ಜಾಲವೆಂದು ಬಹುಕಾಲ ನಂಬಲಾಗಿತ್ತು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿದಾಗ, ಅಲ್ಲಿ ಪ್ರತಿ ಕೋಶಕ್ಕೂ ತನ್ನದೇ ಪೂರ್ಣವಾದ ಪೊರೆ ಇದೆಯೆಂದೂ ಎರಡು ಕೋಶಗಳು ಮೆಟ್ಟಿಲಿನಾಕಾರದ ಬಿಲ್ಲೆಗಳಲ್ಲಿ ಬಿಗಿಯಾಗಿ ಕೂಡಿವೆಯೆಂದೂ ತಿಳಿಯಿತು. ಹೃದಯ ಒಂದಾಗಿ ಬಡಿಯುವುದು ಗಡಿ ಅಳಿಸಿಕೊಂಡು ಅಲ್ಲ, ಗಡಿಯಲ್ಲಿ ಕೈಜೋಡಿಸಿಕೊಂಡು. ಇದು ಸಮಾಸ.

ನರಗಳ ವಿಷಯದಲ್ಲಿಯೂ ಇದೇ ವಿವಾದ ನಡೆದಿತ್ತು. ಇಟಲಿಯ ಕ್ಯಾಮಿಲ್ಲೊ ಗಾಲ್ಜಿ ನರಮಂಡಲ ಎಡೆಬಿಡದ ಒಂದೇ ಬಲೆ ಎಂದ. ಸ್ಪೇನಿನ ಸ್ಯಾಂಟಿಯಾಗೊ ರಾಮೋನ್ ಇ ಕಹಾಲ್, ಗಾಲ್ಜಿಯೇ ಕಂಡುಹಿಡಿದ ಬಣ್ಣ ಕಟ್ಟುವ ವಿಧಾನವನ್ನು ಬಳಸಿ, ನರಕೋಶಗಳು ಬಿಡಿಬಿಡಿ ಎಂದು ತೋರಿಸಿದ. 1906ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಇಬ್ಬರಿಗೂ ಹಂಚಿದಾಗ, ಒಂದೇ ವೇದಿಕೆಯಿಂದ ಇಬ್ಬರೂ ಪರಸ್ಪರ ವಿರುದ್ಧವಾದ ಉಪನ್ಯಾಸಗಳನ್ನು ಮಾಡಿದರು. ಎರಡು ನರಕೋಶಗಳ ನಡುವೆ ಮಿಲಿಮೀಟರಿನ ಲಕ್ಷದಲ್ಲಿ ಎರಡು ಪಾಲಿನಷ್ಟು ತೆರಪು ಉಂಟೆಂದೂ ಸಂದೇಶ ಸಾಮಾನ್ಯವಾಗಿ ರಾಸಾಯನಿಕಗಳ ಮೂಲಕ ಅದನ್ನು ದಾಟುತ್ತದೆಂದೂ ಮುಂದೆ ಸ್ಥಿರವಾಯಿತು. ಸಿನಾಪ್ಸ್ ಎಂದು ಇದಕ್ಕೆ 1897ರಲ್ಲಿಯೇ ಹೆಸರಿಡಲಾಗಿತ್ತು. ಇಲ್ಲಿ ನಂಟು ಇರುವುದು ತೆರಪಿನ ಮೂಲಕವೇ.

5. ಕೂಡಿಕೆಯ ಬಗೆಗಳು ಮತ್ತು ಅವುಗಳ ಹೆಸರು

1963ರಲ್ಲಿ ಮೆರಿಲಿನ್ ಫಾರ್ಕರ್ ಮತ್ತು ಜಾರ್ಜ್ ಪಲಾಡೆ ಅನುಲೇಪಕ ಕೋಶಗಳ ಪಕ್ಕದ ಗೋಡೆಯಲ್ಲಿ, ಮೇಲಿನಿಂದ ಕೆಳಕ್ಕೆ ಒಂದು ಕ್ರಮದಲ್ಲಿರುವ ಮೂರು ಬಗೆಯ ಜೋಡಣೆಗಳನ್ನು ವಿವರಿಸಿದರು. ಮುಂದೆ ಇತರ ಬಗೆಗಳೂ ಸ್ಪಷ್ಟವಾದವು. ಇವುಗಳಿಗೆ ಕನ್ನಡದಲ್ಲಿ ಇನ್ನೂ ಸ್ಥಿರವಾದ, ಸಾಮಾನ್ಯ ಓದುಗನಿಗೆ ತಿಳಿಯುವ ಹೆಸರುಗಳಿಲ್ಲ. ಹೆಸರಿಡುವಾಗ ಆಂಗ್ಲ ಅಥವಾ ಲ್ಯಾಟಿನ್ ಪದವನ್ನು ಪದಶಃ ಅನುವಾದಿಸದೆ, ಆ ಜೋಡಣೆ ಮಾಡುವ ಕೆಲಸವನ್ನು ನೋಡಬೇಕೆಂಬುದು ನನ್ನ ಸೂಚನೆ. ಎಲ್ಲದಕ್ಕೂ ಸಾಮಾನ್ಯವಾಗಿ ‘ಕೋಶಬೆಸುಗೆ’ ಎಂದಿಟ್ಟುಕೊಂಡು ಒಂದೊಂದನ್ನೇ ನೋಡೋಣ.

ಕೋಶದ ತುದಿಯ ಬಳಿ ಸುತ್ತಲೂ ಇರುವ, ಎರಡು ಪೊರೆಗಳನ್ನು ನಡುವೆ ನೀರೂ ಸುಲಭವಾಗಿ ನುಸುಳದಂತೆ ಸೇರಿಸುವ ಕೂಡಿಕೆಯನ್ನು ‘ಬಿಗಿಬೆಸುಗೆ’ ಎನ್ನಬಹುದು. ಮಿದುಳಿನ ಲೋಮನಾಳಗಳಲ್ಲಿ ಇದು ಎಷ್ಟು ಬಿಗಿಯೆಂದರೆ ಅನೇಕ ಔಷಧಗಳೂ ರಕ್ತದಿಂದ ಮಿದುಳಿಗೆ ದಾಟಲಾರವು. ಅದರ ಕೆಳಗೆ, ಸೊಂಟದ ಪಟ್ಟಿಯಂತೆ ಕೋಶವನ್ನು ಸುತ್ತುವರಿದ ಎರಡನೆಯ ಕೂಡಿಕೆಗೆ ‘ನಡುಪಟ್ಟಿ’ ಎಂಬ ಹೆಸರು ಒಪ್ಪುತ್ತದೆ. ಇಲ್ಲಿ ಕೋಶಗಳನ್ನು ಹಿಡಿದಿಡುವ ಕ್ಯಾಡ್‌ಹೆರಿನ್ ಎಂಬ ಪ್ರೋಟೀನುಗಳಿಗೆ ಕ್ಯಾಲ್ಸಿಯಂ ಇಲ್ಲದೆ ಹಿಡಿತವಿಲ್ಲ. ಕೆಲವು ಕ್ಯಾನ್ಸರುಗಳಲ್ಲಿ ಈ ಹಿಡಿತವೇ ಸಡಿಲವಾಗಿ, ಕೋಶಗಳು ತಮ್ಮ ನೆರೆಯನ್ನು ತೊರೆದು ದೇಹದ ಬೇರೆಡೆಗೆ ಹೊರಡುತ್ತವೆ.

ಮೂರನೆಯದು ಡೆಸ್ಮೊಸೋಮ್. 1920ರಲ್ಲಿ ಈ ಹೆಸರನ್ನು ಗ್ರೀಕಿನ ‘ಕಟ್ಟು’ ಮತ್ತು ‘ಕಾಯ’ ಎಂಬ ಪದಗಳಿಂದ ಕಟ್ಟಲಾಯಿತು. ಇದು ಪಟ್ಟಿಯಲ್ಲ, ಅಲ್ಲಲ್ಲಿ ಇರುವ ಚುಕ್ಕೆ. ಎರಡು ಕೋಶಗಳ ಪೊರೆಗಳಲ್ಲಿ ಎದುರುಬದುರಾಗಿ ಎರಡು ಬಿಲ್ಲೆಗಳು. ಬಿಲ್ಲೆಗೆ ಒಳಗಿನಿಂದ ಕೆರಾಟಿನ್ ಎಳೆಗಳ ಆಧಾರ. ಬಿಲ್ಲೆಗಳ ನಡುವೆ ಒಂದನ್ನೊಂದು ಹಿಡಿದ ಪ್ರೋಟೀನುಗಳು. ಅಂಗಿಯ ಒತ್ತುಗುಂಡಿಯನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ. ‘ಗುಂಡಿಬೆಸುಗೆ’ ಎಂದರೆ ಸಾಕು. ಅಡಿಯ ಕೋಶಗಳನ್ನು ತಳಪೊರೆಗೆ ಸೇರಿಸುವ, ಇದರ ಅರ್ಧದಂತೆ ಕಾಣುವ ರಚನೆ ‘ಅರೆಗುಂಡಿ’. ಇಳಕಲ್ಲ ಸೀರೆಯ ನೇಕಾರರು ಒಡಲಿನ ಹಾಸೆಳೆಗಳನ್ನು ಸೆರಗಿನ ಹಾಸೆಳೆಗಳಿಗೆ ಕುಣಿಕೆಗಳ ಸಾಲಿನಿಂದ ಕೂಡಿಸುವುದನ್ನು ನೋಡಿದವರಿಗೆ, ಎರಡು ಬೇರೆ ವಸ್ತುಗಳು ಸೇರುವ ಅಂಚು ಎಷ್ಟು ಎಚ್ಚರವನ್ನು ಬೇಡುತ್ತದೆಂದು ಗೊತ್ತಿರುತ್ತದೆ. ಚರ್ಮದಲ್ಲಿ ಅಂತಹ ಅಂಚು ತಳಪೊರೆ.

ನಾಲ್ಕನೆಯ ಬಗೆಗೆ ಇಂಗ್ಲಿಷಿನಲ್ಲಿ ‘ಗ್ಯಾಪ್ ಜಂಕ್ಷನ್’ ಎನ್ನುತ್ತಾರೆ. ಇದನ್ನು ‘ಅಂತರ ಸಂಧಿ’ ಎಂದು ಅನುವಾದಿಸಿದರೆ ವಿದ್ಯಾರ್ಥಿ ತೆರಪನ್ನು ಮಾತ್ರ ಕಾಣುತ್ತಾನೆ; ಕೆಲಸವನ್ನು ಕಾಣುವುದಿಲ್ಲ. ಇಲ್ಲಿ ಪ್ರತಿಯೊಂದು ಕೋಶವೂ ಆರಾರು ಕನೆಕ್ಸಿನ್ ಪ್ರೋಟೀನುಗಳಿಂದ ಒಂದು ಕೊಳವೆಯನ್ನು ಮಾಡುತ್ತದೆ. ಎದುರುಬದುರಿನ ಎರಡು ಕೊಳವೆಗಳು ಕೂಡಿ, ಲವಣದ ಅಯಾನುಗಳೂ ಸಣ್ಣ ಅಣುಗಳೂ ಒಂದು ಕೋಶದಿಂದ ಇನ್ನೊಂದಕ್ಕೆ ನೇರವಾಗಿ ಹರಿಯುತ್ತವೆ. ದೊಡ್ಡ ಪ್ರೋಟೀನುಗಳು ದಾಟಲಾರವು. ಅಗತ್ಯಕ್ಕೆ ತಕ್ಕಂತೆ ಇದು ತೆರೆಯುತ್ತದೆ, ಮುಚ್ಚುತ್ತದೆ. ಕೆರೆಗಳ ನಾಡಿನಲ್ಲಿ ಇದಕ್ಕೆ ‘ತೂಬು’ ಎಂಬ ಪದ ಸಿದ್ಧವಾಗಿಯೇ ಇದೆ. ಹೃದಯದ ಒಂದು ಕೋಶದ ವಿದ್ಯುತ್ ಪ್ರಚೋದನೆ ಮುಂದಿನ ಕೋಶಕ್ಕೆ ಹಾಯುವುದು ಈ ತೂಬುಗಳ ಮೂಲಕ. ಕಿವಿಯ ಒಳಭಾಗದಲ್ಲಿ ಪೊಟ್ಯಾಸಿಯಂ ಮರಳಿ ಹರಿಯುವುದಕ್ಕೂ ಇವು ಬೇಕು. ಕನೆಕ್ಸಿನ್ 26 ಎಂಬ ಪ್ರೋಟೀನಿನ ಜೀನಿನಲ್ಲಿ ದೋಷವಿದ್ದರೆ ಮಗು ಹುಟ್ಟುಕಿವುಡಾಗಬಹುದೆಂದು 1997ರಲ್ಲಿ ಗೊತ್ತಾಯಿತು; ಭಾರತದಲ್ಲಿಯೂ ಆನುವಂಶಿಕ ಕಿವುಡಿಗೆ ಇದು ಒಂದು ಮುಖ್ಯ ಕಾರಣ.

ಹೆಸರುಗಳು ಹೀಗೆ ಒಂದು ವ್ಯವಸ್ಥೆಯಾಗಿ ನಿಂತಾಗ ಆಗುವ ಪ್ರಯೋಜನಕ್ಕೆ ಪೆಂಫಿಗಸ್ ಎಂಬ ಚರ್ಮರೋಗವನ್ನು ಉದಾಹರಿಸುತ್ತೇನೆ. ಬಾಯಲ್ಲಿ ಹುಣ್ಣು, ಮೈಮೇಲೆ ಸುಲಭವಾಗಿ ಒಡೆಯುವ ಸಡಿಲ ಬೊಕ್ಕೆಗಳು ಇದರ ಲಕ್ಷಣ. 1950ರ ದಶಕದಲ್ಲಿ ಸ್ಟೆರಾಯ್ಡ್ ಔಷಧಗಳು ಬರುವ ಮೊದಲು ಇದಕ್ಕೆ ತುತ್ತಾದವರಲ್ಲಿ ಬಹುಪಾಲು ಮಂದಿ ಉಳಿಯುತ್ತಿರಲಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಗುಂಡಿಬೆಸುಗೆಯ ಡೆಸ್ಮೊಗ್ಲೀನ್ ಎಂಬ ಪ್ರೋಟೀನನ್ನು ಶತ್ರುವೆಂದು ಭಾವಿಸಿ ಪ್ರತಿಕಾಯಗಳನ್ನು ತಯಾರಿಸುವುದು ಇದರ ಕಾರಣ. ಗುಂಡಿಗಳು ಬಿಚ್ಚಿ ಕೋಶಗಳು ಬೇರೆಬೇರೆಯಾಗುತ್ತವೆ. ಆದರೆ ಅಡಿಯ ಸಾಲಿನ ಕೋಶಗಳ ಅರೆಗುಂಡಿಗಳು ಕೆಡದಿರುವುದರಿಂದ ಅವು ತಳಪೊರೆಯ ಮೇಲೆ ನೆಟ್ಟ ಕಲ್ಲುಗಳ ಸಾಲಿನಂತೆ ಒಂಟೊಂಟಿಯಾಗಿ ನಿಂತಿರುತ್ತವೆ. ಪೆಂಫಿಗಾಯ್ಡ್ ಎಂಬ ಇನ್ನೊಂದು ರೋಗದಲ್ಲಿ ಕೆಡುವುದು ಅರೆಗುಂಡಿ. ಆಗ ಮೇಲಿನ ಪದರ ಇಡಿಯಾಗಿ ಎದ್ದು ಬಿಗಿಯಾದ ಬೊಕ್ಕೆಯಾಗುತ್ತದೆ. ಹೊರಗಿನಿಂದ ಒಂದೇ ಬಗೆಯಾಗಿ ಕಾಣಬಹುದಾದ ಎರಡು ರೋಗಗಳ ವ್ಯತ್ಯಾಸವನ್ನು ವೈದ್ಯರು ಅರಿಯುವುದು ಆ ಚಿಕ್ಕ ತುಣುಕು ಚರ್ಮವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಬಿಚ್ಚಿರುವುದು ಗುಂಡಿಯೋ ಅರೆಗುಂಡಿಯೋ ಎಂದು ನೋಡಿ. ಬಯಾಪ್ಸಿ ಯಾತಕ್ಕೆ ಬೇಕೆಂಬುದನ್ನು ಶಾಲೆಯ ಮೆಟ್ಟಿಲು ಹತ್ತದವರಿಗೂ ಹೀಗೆ ವಿವರಿಸಬಹುದಾಗಿತ್ತು.

ಗ್ರೀಸಿನ ನಕ್ಸೋಸ್ ದ್ವೀಪದ ಕೆಲವು ಕುಟುಂಬಗಳಲ್ಲಿ 1986ರಲ್ಲಿ ವರದಿಯಾದ ಕಾಯಿಲೆಯೂ ಇದಕ್ಕೆ ಪೂರಕವಾದ ನಿದರ್ಶನ. ಉಣ್ಣೆಯಂತಹ ಕೂದಲು, ದಪ್ಪಗಟ್ಟಿದ ಅಂಗೈ ಅಂಗಾಲು, ಲಯ ತಪ್ಪುವ ಹೃದಯ ಈ ಮೂರೂ ಒಬ್ಬರಲ್ಲೇ ಕಾಣುತ್ತಿದ್ದವು. ಕೂದಲಿಗೂ ಹೃದಯಕ್ಕೂ ಎತ್ತಣ ಸಂಬಂಧ? ಗುಂಡಿಬೆಸುಗೆಯ ಪ್ಲಾಕೊಗ್ಲೋಬಿನ್ ಎಂಬ ಒಂದೇ ಪ್ರೋಟೀನಿನಲ್ಲಿ ದೋಷವಿತ್ತೆಂದು 2000ದಲ್ಲಿ ತಿಳಿಯಿತು. ಅಂಗದಿಂದ ಅಂಗಕ್ಕೆ ನೋಡುವವರಿಗೆ ಮೂರು ರೋಗಗಳಾಗಿ ಕಾಣುವುದು ನಂಟನ್ನು ನೋಡುವವರಿಗೆ ಒಂದೇ. ಬಿಶಾ ಇನ್ನೂರು ವರ್ಷಗಳ ಹಿಂದೆ ಹೇಳಿದ ಮಾತೂ ಇದೇ ಅಲ್ಲವೇ?

6. ಆಕ್ಷೇಪಗಳು ಮತ್ತು ಹೊಣೆ

ಈ ಸೂಚನೆಗಳಿಗೆ ಮೂರು ಆಕ್ಷೇಪಗಳು ಬರಬಹುದು. ಮೊದಲನೆಯದು, ಉನ್ನತ ವ್ಯಾಸಂಗಕ್ಕೆ ಅಂತರರಾಷ್ಟ್ರೀಯ ಪದಗಳೇ ಬೇಕಾಗಿರುವಾಗ ಇವು ಯಾಕೆ ಎಂಬುದು. ಡೆಸ್ಮೊಸೋಮ್ ಎಂಬ ಪದವನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಕಲಿಸಲಿ. ಪಕ್ಕದಲ್ಲಿ ಗುಂಡಿಬೆಸುಗೆಯೂ ಇರಲಿ. ಒಂದು ವೈದ್ಯನಾಗುವವನಿಗೆ, ಇನ್ನೊಂದು ಅದೇ ವೈದ್ಯ ನಾಳೆ ತನ್ನ ರೋಗಿಯೊಡನೆ ಮಾತಾಡುವುದಕ್ಕೆ.

ಎರಡನೆಯದು, ಗುಂಡಿ, ತೂಬು, ನಡುಪಟ್ಟಿ ಇವೆಲ್ಲ ಗ್ರಾಮ್ಯ. ಶಾಸ್ತ್ರಕ್ಕೆ ಗಾಂಭೀರ್ಯ ಬೇಕು ಎಂಬುದು. 1961ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗ ಭಾರತೀಯ ಭಾಷೆಗಳಿಗೆಲ್ಲ ಸಮಾನವಾಗಬಲ್ಲ ಸಂಸ್ಕೃತಮೂಲದ ಪದಗಳಿಗೆ ಒಲವು ತೋರಿತು. ಅದರ ಉದ್ದೇಶ ಒಳ್ಳೆಯದೇ. ಆದರೆ ಲ್ಯಾಟಿನ್ನಿನಲ್ಲಿ ಈ ಕೂಡಿಕೆಗಳಿಗಿರುವ ಹೆಸರುಗಳ ಅರ್ಥವೂ ‘ಚಿಕ್ಕ ಪಟ್ಟಿ’, ‘ಚುಕ್ಕೆ’ ಎಂದಷ್ಟೇ. ಅವರಲ್ಲಿ ಶಾಸ್ತ್ರವಾದದ್ದು ನಮ್ಮಲ್ಲಿ ಗ್ರಾಮ್ಯವಾಗುವುದು ಹೇಗೆ?

ಮೂರನೆಯ ಆಕ್ಷೇಪ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಆಯುರ್ವೇದದ ಸಪ್ತಧಾತುಗಳೇ ಅಂಗಾಂಶಗಳಲ್ಲವೇ, ಆ ಪದಗಳನ್ನೇ ಏಕೆ ಬಳಸಬಾರದು ಎಂದು ಕೇಳುವವರಿದ್ದಾರೆ. ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಈ ಕ್ರಮ, ಒಂದು ಧಾತು ಪಾಕಗೊಂಡು ಮುಂದಿನದಾಗುತ್ತದೆ ಎಂಬ ಪೋಷಣೆಯ ಸಿದ್ಧಾಂತವನ್ನು ಆಧರಿಸಿದೆ. ಅದು ಕೋಶಗಳ ಕೂಡಿಕೆಯ ಸಿದ್ಧಾಂತವಲ್ಲ. ಎರಡನ್ನೂ ಬೆರೆಸಿದರೆ ಎರಡಕ್ಕೂ ಅನ್ಯಾಯ.

1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದಾಗಲೂ ಶಿವರಾಮ ಕಾರಂತರು ಒಬ್ಬರೇ ಕುಳಿತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದಾಗಲೂ ಪದಗಳು ಬರವಣಿಗೆಯ ನಡುವೆ, ವಿವರಣೆಯ ಅಗತ್ಯದಿಂದ ಹುಟ್ಟುತ್ತಿದ್ದವು. ಅನಂತರ ಪರಿಭಾಷೆ ಸಮಿತಿಗಳ ಕೆಲಸವಾಯಿತು. ಅಕಾರಾದಿಯಾಗಿ ಒಂದೊಂದೇ ಆಂಗ್ಲಪದಕ್ಕೆ ಎದುರಾಗಿ ಒಂದೊಂದು ಕನ್ನಡ ಪದವನ್ನಿಡುವುದು ರೂಢಿಯಾಯಿತು. ‘ಕೋಶ’ ಎಂಬುದು ನಮ್ಮಲ್ಲಿ ನಿಘಂಟಿಗೂ ಜೀವಕೋಶಕ್ಕೂ ಒಂದೇ ಹೆಸರು. ಹಾಗೆ ಕೂಡಿಟ್ಟ ಪದಕೋಶದಲ್ಲಿ ಪದಗಳಿರುತ್ತವೆ, ಅವುಗಳ ನಡುವಿನ ಬೆಸುಗೆ ಇರುವುದಿಲ್ಲ. ‘ಅಂಗಾಂಶ’ವೆಂಬ ಪದ ಮಾಡಿದ ತೊಂದರೆಗೂ ಕಾರಣ ಅದು ಕೆಟ್ಟ ಪದವೆಂಬುದಲ್ಲ, ಅದರ ಸುತ್ತ ಇರಬೇಕಾದ ಪದಗಳು ಇರಲಿಲ್ಲವೆಂಬುದು.

ಆದ್ದರಿಂದ ನನ್ನ ವಿನಂತಿ ಇಷ್ಟು. ಪರಿಭಾಷೆಯನ್ನು ಅಕ್ಷರಾನುಕ್ರಮದಲ್ಲಿ ರಚಿಸದೆ ವಿಷಯಾನುಕ್ರಮದಲ್ಲಿ ರಚಿಸಬೇಕು. ಕನ್ನಡ ವಿಭಾಗಗಳು ವೈದ್ಯಕೀಯ ಕಾಲೇಜುಗಳ ಅಧ್ಯಾಪಕರೊಡನೆ ಕುಳಿತು, ಒಂದು ವರ್ಷಕ್ಕೆ ಒಂದೇ ವಿಷಯವನ್ನು ಎತ್ತಿಕೊಂಡರೂ ಸಾಕು. ಹಾಗೆ ರಚಿಸಿದ ಪದಗಳನ್ನು ಪ್ರಕಟಿಸುವ ಮೊದಲು ನೇಕಾರರ, ಬಡಗಿಗಳ, ರೈತರ ಕಿವಿಗೆ ಹಾಕಿ ನೋಡಬೇಕು. ನಮ್ಮ ಸಂಶೋಧನ ವಿದ್ಯಾರ್ಥಿಗಳಿಗೆ ವೃತ್ತಿಪದಕೋಶಗಳು ಇಂದು ಕೇವಲ ಜಾನಪದದ ಆಕರಗಳಾಗಿವೆ. ಕೂಡಿಸುವುದು, ಬೆಸೆಯುವುದು, ಹೊಸೆಯುವುದು, ಹೆಣೆಯುವುದು ಎಂಬ ಕ್ರಿಯೆಗಳಿಗೆ ಅವುಗಳಲ್ಲಿ ಇರುವಷ್ಟು ಸೂಕ್ಷ್ಮವಾದ ಪದಗಳು ಬೇರೆಲ್ಲಿಯೂ ಸಿಗಲಾರವು.

ಆ ಮಾಹಿತಿಪತ್ರದ ಎರಡನೆಯ ಮುದ್ರಣದಲ್ಲಿ ನಾವು ವಾಕ್ಯವನ್ನು ಹೀಗೆ ಬದಲಿಸಿದೆವು: ‘ನಿಮ್ಮ ಚರ್ಮದಿಂದ ಅಕ್ಕಿಕಾಳಿಗಿಂತ ದೊಡ್ಡದಲ್ಲದ ಒಂದು ತುಣುಕನ್ನು ತೆಗೆದು, ಅದರ ಜೀವಕೋಶಗಳು ಒಂದಕ್ಕೊಂದು ಸರಿಯಾಗಿ ಕೂಡಿಕೊಂಡಿವೆಯೇ ಎಂದು ನೋಡಲಾಗುವುದು. ಆ ಜಾಗ ಕೆಲವು ದಿನಗಳಲ್ಲಿ ಮಾಯುತ್ತದೆ.’ ಅದರಲ್ಲಿ ‘ಅಂಗಾಂಶ’ ಎಂಬ ಪದವಿರಲಿಲ್ಲ. ಅಂಗಾಂಶವೆಂದರೇನು ಎಂಬುದು ಇತ್ತು.